ಕಂಬ ಮುರಿದರು

ಅಕ್ಟೋಬರ್ 19, ಭಾನುವಾರ.

ಸರೋವರದ ನೀರು ಉಕ್ಕಿದರೆ ಕೆಳಗೆ ಊರಿನಲ್ಲಿ ಸೈರನ್ ಕೂಗಿಸುವ ಎಚ್ಚರಿಕೆಯ ಕಂಬವನ್ನು ಇವತ್ತು ಮುರಿದು ಹಾಕಿದರು. ಹೊರಗಿನವರಲ್ಲ, ನಮ್ಮೂರಿನವರೇ. ನಾನು ಸಂಬಳಕ್ಕೆ ಕಾವಲಿರುವ ಈ ಸರೋವರದ ದಂಡೆ ಒಡೆದರೆ ಮೊದಲು ಕೊಚ್ಚಿಹೋಗುವವರೂ ಅವರೇ.

ಮೂವತ್ತು ಜನ ಬೆಟ್ಟ ಹತ್ತಿ ಬಂದಿದ್ದರು. ಮುಂದೆ ಅಕ್ಕನ ಗಂಡ ಎವಾರಿಸ್ತೊ, ಕೈಯಲ್ಲಿ ಪಿಕಾಸಿ. ಅಕ್ಕ ಕಳಿಸಿದ್ದ ಬೇಯಿಸಿದ ಆಲೂಗಡ್ಡೆಯ ಗಂಟನ್ನು ಮೊದಲು ನನ್ನ ಕೈಗಿಟ್ಟರು.

"ತಿಂತಾ ಇರು ನೆಮೆಸಿಯೊ. ಅಷ್ಟರಲ್ಲಿ ನಮ್ಮ ಕೆಲಸ ಮುಗಿಸ್ತೀವಿ."

"ಬೇಡ ಭಾವ! ಇದು ಹೋದ್ರೆ ಊರಲ್ಲಿ ಸೈರನ್ ಕೂಗೋದೇ ಇಲ್ಲ."

"ಕೂಗದಿದ್ರೆ ಬೇಡ. ಪೆರುವಿಗೆಲ್ಲ ಮಳೆ ಬಂತು, ನಮಗೆ ಮಾತ್ರ ಇಲ್ಲ. ಮೋಡ ಓಡಿಸ್ತಿರೋದು ಈ ಕಂಬಾನೇ."

"ಓಡಿಸೋಕೆ ಇದೇನು ನಾಯಿನಾ? ಬೆಟ್ಟ ಬಿಸಿಯಾಗಿ ಮಳೆ ಕೆಟ್ಟಿದೆ. ಅದೇ ಬಿಸಿಗೆ ಹಿಮ ಕರಗಿ ಸರೋವರ ತುಂಬ್ತಿದೆ."

"ಸಂಬಳ ಮಾತಾಡ್ತಿದೆ ನೋಡ್ರೋ!" ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಕಂಬವನ್ನು ತಬ್ಬಿಕೊಂಡೆ. ಭಾವನೇ ನನ್ನ ಕೈ ಬಿಡಿಸಿದರು, ನೋವಾಗದ ಹಾಗೆ. ಕಂಬ ಉರುಳಿಸಿದ ಮೇಲೆ, ಊರಿಗೆ ಸುದ್ದಿ ಹೇಳುವ ನನ್ನ ರೇಡಿಯೊವನ್ನೂ ಒಡೆದರು. ಬಿತ್ತಿದ ಮೆಕ್ಕೆಜೋಳ ಮೊಳೆಯಲೇ ಇಲ್ಲವಂತೆ. ಅವರ ಮುಖ ನೋಡಿ ನನಗೆ ಸಿಟ್ಟು ಕೂಡ ಬರಲಿಲ್ಲ.

ಅವರು ಇಳಿದುಹೋದ ಮೇಲೆ, ಸಂಜೆ, ಮೇಲಿನ ಹಿಮದ ಗೋಡೆಯಿಂದ ಮನೆಯಷ್ಟು ದೊಡ್ಡ ತುಂಡು ನೀರಿಗೆ ಬಿತ್ತು. ಎದ್ದ ಅಲೆ ದಂಡೆಯ ಅಂಚಿಗೆ ಒಂದೇ ಮೊಳ ಕೆಳಗೆ ನಿಂತಿತು. ಕಣಿವೆಯ ಕಡೆ ತಿರುಗಿ "ಅಕ್ಕಾ, ಓಡು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಊರು ನಾಲ್ಕು ಗಂಟೆಯ ದಾರಿ. ಯಾರಿಗೆ ಕೇಳಿಸುತ್ತದೆ?

ಬೆಳಗಾದರೆ ಇಳಿದುಹೋಗಿ, ಊರು ಬಿಡಿ ಎಂದು ಅಕ್ಕನ ಕಾಲಾದರೂ ಹಿಡಿಯಬೇಕು. ಆದರೆ ನಾನು ಇಳಿದರೆ ನೀರನ್ನು ನೋಡುವವರು ಯಾರು? ಇಲ್ಲೇ ಕೂತರೆ, ನೋಡಿದ್ದನ್ನು ಯಾರಿಗೆ ಹೇಳಲಿ?

ಮತ್ತೆ ಹಿಮ ಬಿರಿದ ಸದ್ದು. ಇದು ಮೊದಲಿನದಕ್ಕಿಂತ ದೊಡ್ಡ—