ತುಂಬಿದ ಪಾಠದ ನೆರಳು

ಹೊಸ ಮಲಪ್ರಭಾ ವಿಶ್ವಪೀಠ
ಫೆಬ್ರುವರಿ ಮೂವತ್ತೊಂದು, 2319
ವಾರದ ಎರಡನೆಯ ಮಂಗಳವಾರ

ಮಗಳೇ ಮಂದಾಕಿನಿ,

ಹತ್ತೊಂಬತ್ತು ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಕೈಹಿಡಿದು ಅಕ್ಷರ ತಿದ್ದಿಸಿದವನು, ಚಂದ್ರನ ಮೇಲಿನ ಮೊದಲ ಶಾಲೆಗೆ ಗಂಟೆ ಕಟ್ಟಿದವನು, ಸದ್ಯ ಭೂಮಿಯ ಮೇಲೆ ಉಸಿರಾಡುತ್ತಿರುವ ಅತಿ ದೊಡ್ಡ ವಿದ್ವಾಂಸನೂ ಆದ ನಿನ್ನ ಫಕೀರಪ್ಪ ಮಾವ ಬರೆಯುವ ಪತ್ರ ಇದು. ವಂಶದ ಲೆಕ್ಕ ಹಿಡಿದರೆ ನೀನು ನನಗೆ ಅಜ್ಜಿಯ ಅಜ್ಜಿಗೂ ಮೇಲಿನವಳು. ಆದರೆ ನೀನಿನ್ನೂ ಮೂವತ್ತು ದಾಟದ ಉಪನ್ಯಾಸಕಿ, ನಾನು ಅರವತ್ತು ದಾಟಿದವನು. ಅದಕ್ಕೇ ಮಾವನ ಪಟ್ಟವನ್ನು ನಾನೇ ಕಟ್ಟಿಕೊಂಡಿದ್ದೇನೆ, ಏಕವಚನದಲ್ಲಿ ಕರೆಯುತ್ತಿದ್ದೇನೆ. ಸಿಟ್ಟು ಬಂದರೆ ಬಂದು ಬಡಿ, ನೋಡೋಣ.

ನನ್ನ ಮಾತು ನಿನಗೆ ಅಲ್ಲಲ್ಲಿ ವಿಚಿತ್ರ ಅನ್ನಿಸೀತು, ಕ್ಷಮೆ ಇರಲಿ. ತಾರೀಖನ್ನೂ ತಪ್ಪೆಂದು ತಿಳಿಯಬೇಡ. ಪ್ರಾಧ್ಯಾಪಕರನ್ನು ಸುಧಾರಿಸಲು ಇದ್ದ ದಿನಗಳು ಸಾಲದೆಂದು ನಮ್ಮವರು ವಾರಕ್ಕೆ ಇನ್ನೊಂದು ಮಂಗಳವಾರ ಸೇರಿಸಿದರು. ಆ ದಿನ ಪೂರಾ ತರಬೇತಿ. ಹಾಗೆ ಸೇರಿಸುತ್ತ ಹೋಗಿ ಫೆಬ್ರುವರಿಯೂ ಉದ್ದವಾಯಿತು.

ಈಗ ಕಾರಣ ಹೇಳುತ್ತೇನೆ. ಬರುವ ಸೋಮವಾರ ನಿಮ್ಮ ಕಾಲೇಜಿನ ಬೋಧನಾ ಸುಧಾರಣೆಯವರು ಕ್ಯಾಮೆರಾ ಹೊತ್ತು ನಿನ್ನ ತರಗತಿಗೆ ಬರುತ್ತಾರೆ. ಮಾದರಿ ಪಾಠಕ್ಕೆ ನಿನ್ನನ್ನೇ ಆರಿಸಿದ್ದಾರೆಂದು ಹಿಗ್ಗಿ, ಹೊಸ ಸೀರೆಯನ್ನೂ ತಂದಿಟ್ಟಿದ್ದೀಯ. ನನಗೆ ಹೇಗೆ ಗೊತ್ತು ಅಂದರೆ, ನಮ್ಮ ವಿಶ್ವಪೀಠದ ಹೆಬ್ಬಾಗಿಲಲ್ಲಿ ಆ ಸೀರೆಯುಟ್ಟು ನೀನು ನಿಂತಿದ್ದೀಯ. ಕೆಳಗೆ 'ಮೊದಲ ನೆರಳು' ಎಂದು ಹಿತ್ತಾಳೆಯ ಫಲಕ ಹೊಡೆದಿದ್ದಾರೆ. ಮುನ್ನೂರು ವರ್ಷಗಳಿಂದ ಅದೇ ಪಾಠ ಹೇಳುತ್ತಿದ್ದೀಯ. ಹೋಗುವ ಬರುವ ಹುಡುಗರು ನಿನ್ನೊಳಗಿಂದಲೇ ಹಾದುಹೋಗುತ್ತಾರೆ.

ನೆರಳು ಎಂದರೇನು ಎಂಬುದನ್ನು ನಮ್ಮ ಚಂಪವ್ವ ಅಕ್ಕೋರ ಕತೆಯಿಂದಲೇ ತಿಳಿಸಬೇಕು. ಅವರು ಸೇತುವೆ ಕಟ್ಟುವ ವಿದ್ಯೆ ಹೇಳುವ ಪ್ರೊಫೆಸರು. ಇಡೀ ವಿಶ್ವಪೀಠದಲ್ಲಿ ಮೈಯಿಂದ, ಬಾಯಿಯಿಂದ ಪಾಠ ಹೇಳುತ್ತ ಉಳಿದಿದ್ದ ಕೆಲವೇ ಜನರಲ್ಲಿ ಅವರೊಬ್ಬರು. ನಮ್ಮ ತರಗತಿಗಳಲ್ಲಿ ಕರಿಹಲಗೆ ಇಲ್ಲ, ಕಣ್ಣುಹಲಗೆ ಇದೆ. ಅದು ಹುಡುಗರ ಕಡೆ ನೋಡುತ್ತಿರುತ್ತದೆ. ಅಂಚಿನಲ್ಲಿ ತಲೆಗೊಂದು ದೀಪ. ಯಾರ ಮನಸ್ಸು ಪಾಠ ಬಿಟ್ಟು ರೊಟ್ಟಿಯ ಕಡೆ ಹೋಯಿತೋ ಅವರ ದೀಪ ಆರಿತು. ಅರ್ಧಕ್ಕಿಂತ ಹೆಚ್ಚು ದೀಪ ಆರುತ್ತಿದ್ದರೆ ಆ ಪ್ರೊಫೆಸರಿಗೆ ಒಬ್ಬ ಆಸರೆಗಾರನನ್ನು ಕೊಡುತ್ತಾರೆ. ಅವರ ಕಿವಿಯೊಳಗೆ ಜೋಳದ ಕಾಳಿನಷ್ಟು ಯಂತ್ರ, ಅದಕ್ಕೆ ಕಿವಿಬೀಜ ಅನ್ನುತ್ತೇವೆ. ಪಕ್ಕದ ಕೋಣೆಯಲ್ಲಿ ದೀಪಗಳನ್ನಷ್ಟೇ ಕಾಣುತ್ತ, ಪಾಠ ಕೇಳುತ್ತ ಕೂತ ಆಸರೆಗಾರ ಅದರ ಮೂಲಕ 'ಈಗ ಪ್ರಶ್ನೆ ಕೇಳಿ, ಈಗ ಕೈ ಆಡಿಸಿ' ಎಂದು ಉಸುರುತ್ತಿರುತ್ತಾನೆ. ಒಂದು ಅವಧಿ ಮುಗಿದರೂ ದೀಪ ಹತ್ತದಿದ್ದರೆ ಪ್ರೊಫೆಸರು ಮನೆಗೆ.

ಈ ಆಸರೆಗಾರರನ್ನು ಹೇಗೆ ಆರಿಸುತ್ತಾರೆ ಗೊತ್ತೇ? ಪಾಠ ಬೇಸರ ತರಿಸುವುದನ್ನು ಪಾಠದಲ್ಲಿ ಮಲಗಿದವನಿಗಿಂತ ಚೆನ್ನಾಗಿ ಯಾರು ಬಲ್ಲರು? ಆದ್ದರಿಂದ ಅಭ್ಯರ್ಥಿಗಳನ್ನೆಲ್ಲ ಕೂರಿಸಿ ಒಂದು ಪಾಠ ಕೇಳಿಸುತ್ತಾರೆ, ಮೊದಲು ನಿದ್ದೆ ಹೋದವನಿಗೆ ಕೆಲಸ. ಊರ ಶಾಲೆಯ ಏಳನೆಯ ಇಯತ್ತೆ ಮುಗಿಸಿದ ನಾನು ಸ್ವಾಗತ ಭಾಷಣದಲ್ಲೇ ಗೊರಕೆ ಹೊಡೆದೆ. ಎರಡನೆಯ ಸ್ಥಾನ, ಎರಡನೆಯ ಕೆಲಸ ನನ್ನ ಗೆಳೆಯ ದಸ್ತಗೀರನಿಗೆ. ಅವನು ಪಾಠ ಶುರುವಾಗುವ ತನಕ ಎಚ್ಚರ ಇದ್ದನಂತೆ, ಪಾಪ.

ಚಂಪವ್ವ ಅಕ್ಕೋರ ರೋಗ ಒಂದೇ, ಮೌನ. ಒಂದು ಪ್ರಶ್ನೆ ಹಾಕುವುದು, ಕೈಕಟ್ಟಿ ನಿಲ್ಲುವುದು, ಯಾರಾದರೂ ಯೋಚಿಸಿ ಬಾಯಿ ಬಿಡುವ ತನಕ ತುಟಿ ಎರಡು ಮಾಡದಿರುವುದು. ಯೋಚಿಸುವ ಹುಡುಗರು ಕಿಟಕಿಯ ಆಚೆ ನೋಡುತ್ತಾರೆ. ಕಣ್ಣುಹಲಗೆಗೆ ಯೋಚನೆಗೂ ಉದಾಸೀನಕ್ಕೂ ವ್ಯತ್ಯಾಸ ತಿಳಿಯದು, ದೀಪ ಪಟಪಟ ಆರುತ್ತಿದ್ದವು. ಕೆಲಸ ಹೋಗುತ್ತದೆಂದು ಅವರಿಗೂ ಗೊತ್ತಿತ್ತು. ಮೊದಲ ದಿನವೇ ನನ್ನ ಕೋಣೆಗೆ ಬಂದು, "ಫಕೀರಪ್ಪಾರ, ನೀವು ಹೇಳಿದಂಗ ಕೇಳ್ತೀನಿ. ನನಗ ಈ ಹುಡುಗ್ರ ಮುಂದ ನಿಲ್ಲೂದು ಬಿಟ್ರ ಬ್ಯಾರೆ ಏನೂ ಬರೂದಿಲ್ಲ," ಅಂದರು. "ಚಿಂತಿ ಬಿಡ್ರಿ ಅಕ್ಕೋರ, ನಾ ಅದೀನಿ," ಅಂದೆ.

ಇದ್ದೆ, ನಿಜ. ಆದರೆ ಆಸರೆಗಾರರಲ್ಲಿ ಒಂದು ಪದ್ಧತಿ ಇದೆ. ಅವಧಿಯ ಕೊನೆಗೆ ಯಾವ ಪ್ರೊಫೆಸರು ಕತ್ತಲಾಗುತ್ತಾರೆ, ಯಾರದು ತುಂಬುತ್ತದೆ ಎಂದು ಚಹಾದಂಗಡಿಯಲ್ಲಿ ಬಾಜಿ ಕಟ್ಟುತ್ತೇವೆ. ಒಂದೂ ದೀಪ ಆರದೆ ಇಡೀ ಪಾಠ ನಡೆದರೆ ಅದು ತುಂಬು. ತನ್ನ ಕೈಯಲ್ಲಿರುವವರ ಮೇಲೆ ತಾನೇ ಬಾಜಿ ಕಟ್ಟಬಾರದು ಎಂಬ ನಿಯಮ ಯಾರೂ ಬರೆದಿಲ್ಲ. ನಾನು ಕತ್ತಲೆಗೆ ಕಟ್ಟಿದೆ. ದಸ್ತಗೀರ ನನ್ನ ಮುಖ ನೋಡಿ, "ನಿನ್ನ ಅಕ್ಕೋರ ಮ್ಯಾಲ ನಿನಗ ನಂಬಿಕಿ ಇಲ್ಲೇನೋ ಮಾರಾಯ? ನಾ ತುಂಬಿಗೆ ಕಟ್ತೀನಿ," ಅಂದ. ನಂಬಿಕೆ ಇತ್ತು, ನನ್ನ ಮೇಲೆ. ಕಿವಿಯೊಳಗೆ ಕೂತವನಿಗೆ ಮುಳುಗಿಸುವುದೇನು ಕಷ್ಟ? ಅಕ್ಕೋರು ಲೆಕ್ಕ ಬಿಡಿಸುವಾಗ ಹಾಡು ಹೇಳಿರಿ ಅಂದೆ, ಹೇಳಿದರು. ಹುಡುಗರು ಪ್ರಶ್ನೆ ಕೇಳಿದಾಗ ಬೆನ್ನು ತಿರುಗಿಸಿರಿ ಅಂದೆ, ತಿರುಗಿಸಿದರು. ಮರುದಿನ ಬಂದು, "ದೀಪ ಇನ್ನಷ್ಟು ಕಮ್ಮಿ ಆದವಲ್ರಿ, ನಾನ ಸರಿಯಾಗಿ ಮಾಡ್ಲಿಲ್ಲೇನು?" ಅಂತ ಕೇಳಿದರು. "ಹಾಡು ಸಣ್ಣದಾತ್ರಿ," ಅಂದೆ.

ಅವಧಿಯ ಕೊನೆಯ ಪಾಠ. ಕುಸಿದ ಒಂದು ಸೇತುವೆಯ ವಿಷಯ. ಕಟ್ಟುವಾಗಲೇ ಬಿದ್ದ ಸೇತುವೆ ಅದು, ಬಿದ್ದಾಗ ಅದರ ಮೇಲೆ ಅಕ್ಕೋರ ಸ್ವಂತ ತಮ್ಮ ಇದ್ದ. ಎಂದೂ ಹೇಳದ ಆ ಮಾತನ್ನು ಅವರು ಅಂದು ಹುಡುಗರಿಗೆ ಹೇಳಿದರು. ಪಾಠ ಶುರುವಾದಾಗಿನಿಂದ ಒಂದು ದೀಪವೂ ಆರಿರಲಿಲ್ಲ. ನನ್ನ ರೊಕ್ಕ ಹೋಗುವ ಲಕ್ಷಣ. "ಈಗ ನಗ್ರಿ ಅಕ್ಕೋರ," ಅಂದೆ.

ಅವರು ನಗಲಿಲ್ಲ. ಕಿವಿಬೀಜ ತೆಗೆದು ಕಣ್ಣುಹಲಗೆಯ ದನಿ ದೊಡ್ಡದು ಮಾಡುವ ಬಾಯಿಗೆ ಅಂಟಿಸಿದರು. ನನಗೇನು ಗೊತ್ತು? ನಾನು ಉಸುರುತ್ತಲೇ ಇದ್ದೆ, ಇಡೀ ತರಗತಿ ಕೇಳುತ್ತಿತ್ತು: "ನಗ್ರಿ ಅಂದ್ರ ನಗ್ರಿ. ಹಲ್ಲು ಕಾಣ್ಲಿ. ಯಾಕ ಗೂಟದಂಗ ನಿಂತ್ರಿ? ಈ ಹುಡುಗ್ರು ಮಲಗಿದ್ರ ಸಾಕು ನನಗ, ಆ ದಸ್ತಗೀರನ ರೊಕ್ಕ ನನ್ನ ಕಿಸೇಕ ಬರ್ತದ."

ಅಕ್ಕೋರು ಹುಡುಗರ ಕಡೆ ತಿರುಗಿದರು. "ಕೇಳಿದ್ರಲ್ಲ? ಮ್ಯಾಲಿನ ಹಾಸು ಎಷ್ಟು ಗಟ್ಟಿ ಇದ್ರೂ, ಕೆಳಗ ಆಸರೆ ಕೊಡೂ ಕಂಬ ವಾಲಿದ್ರ ಸೇತುವೆ ಬೀಳ್ತದ. ಅವತ್ತೂ ಹಿಂಗ ಆತು. ಈಗ ಹೇಳ್ರಿ, ಕಂಬ ವಾಲಿದ್ದು ಮ್ಯಾಲ ನಿಂತವ್ರಿಗೆ ಮೊದಲ ಹೆಂಗ ತಿಳೀಬೇಕು?" ಎಂದು ಕೈಕಟ್ಟಿ ನಿಂತರು. ಮುಂದಿನ ಸಾಲಿನ ಗಿರಿಜೆ ಎಂಬ ಹುಡುಗಿ ಎದ್ದು ಉತ್ತರ ಹೇಳಿದಳು. "ಶಾಬಾಸ್ ಗಿರಿಜಾ," ಅಂದರು. ಮೊದಲಿನಿಂದ ಕೊನೆಯ ತನಕ ಹಲಗೆ ಮದುವೆ ಚಪ್ಪರದ ಹಾಗೆ ಉರಿಯುತ್ತಿತ್ತು. ತುಂಬು.

ಹುಡುಗರು ಅವರನ್ನು ಹೊತ್ತು ಕುಣಿದರು. ಕೆಲಸ ಉಳಿಯಿತೆಂದು ಅವರೂ ಎಲ್ಲರಿಗೂ ಬೆಲ್ಲ ಹಂಚಿದರು. ನಗಬೇಕಾದ ಜಾಗ ಇದು, ಮಗಳೇ. ಕತ್ತಲಾದವರು ಮನೆಗೆ ಹೋಗುವುದು ಎಲ್ಲರಿಗೂ ಗೊತ್ತು. ತುಂಬಿದವರು ಏನಾಗುತ್ತಾರೆಂದು ಅವರು ಮರೆತಿದ್ದರು. ವಿಶ್ವಪೀಠದಲ್ಲಿ ಎಷ್ಟೋ ವರ್ಷಗಳಿಂದ ಯಾರೂ ತುಂಬಿರಲೇ ಇಲ್ಲ. ಮಾರನೆಯ ದಿನ ಸುಧಾರಣಾಧಿಕಾರಿ ಹಾರ ಹಿಡಿದು ಬಂದ. ಕಣ್ಣುಹಲಗೆ ಕಂಡದ್ದನ್ನೂ ಕೇಳಿದ್ದನ್ನೂ ಸೇರಿಸಿ ಆ ಪಾಠವನ್ನು ಗಾಳಿಯಲ್ಲಿ ನಿಲ್ಲಿಸಿದರು, ಅದೇ ನೆರಳು. ಅದಕ್ಕಿಂತ ಒಳ್ಳೆಯ ಪಾಠ ಇನ್ನು ಸಾಧ್ಯವಿಲ್ಲ. ಹಾಗಿದ್ದ ಮೇಲೆ ಮೈ ಯಾಕೆ ಬೇಕು?

"ನಾಳಿ ಹುಡುಗ್ರು ಹೊಸಾ ಪ್ರಶ್ನೆ ಕೇಳಿದ್ರ ಏನ್ ಮಾಡ್ತೀರಿ?" ಎಂದರು ಅಕ್ಕೋರು.

"ತುಂಬಿದ ಪಾಠದಾಗ ಪ್ರಶ್ನೆ ಎಲ್ಲಿ ಉಳೀತಾವ್ರಿ ಮೇಡಂ," ಎಂದು ಅವನು ಹಾರ ಹಾಕಿದ.

ಈಗ ಆ ನೆರಳು ಪ್ರಶ್ನೆ ಕೇಳಿ ಕೈಕಟ್ಟಿ ನಿಲ್ಲುತ್ತದೆ. ಹುಡುಗರು ಏನು ಹೇಳಿದರೂ, ಹೇಳದೆ ಮಲಗಿದರೂ, ಅಷ್ಟೇ ಹೊತ್ತು ಕಾದು, ಎಂದೋ ಓದು ಮುಗಿಸಿ ಹೋದ ಹುಡುಗಿಗೆ "ಶಾಬಾಸ್ ಗಿರಿಜಾ" ಅನ್ನುತ್ತದೆ. ಅದರೊಳಗೆ ನನ್ನ ದನಿಯೂ ಸೇರಿದೆ. "ಹಲ್ಲು ಕಾಣ್ಲಿ" ಎಂದು ಬಂದ ಕೂಡಲೇ ಹುಡುಗರು ಬೆಂಚು ಬಡಿದು ನಗುತ್ತಾರೆ. ಯಾವ ವಿದ್ವಾಂಸನ ದನಿ ವಿಶ್ವವಿದ್ಯಾಲಯದಲ್ಲಿ ದಿನವೂ ಮೊಳಗುತ್ತದೆ ಹೇಳು? ಅಕ್ಕೋರು ಮಾತ್ರ ಒಮ್ಮೊಮ್ಮೆ ಬಂದು ಬಾಗಿಲ ಬಳಿ ನಿಂತು, ಆ ಮೌನ ಮುಗಿಯುವ ತನಕ ಕಾಯುತ್ತಾರೆ. ಕಾವಲುಗಾರ ಒಳಗೆ ಬಿಡುವುದಿಲ್ಲ. ನೆರಳು ಇರುವ ಕಡೆ ಅದರ ಮೈ ಬರಬಾರದು, ಹುಡುಗರಿಗೆ ಗೊಂದಲವಾಗುತ್ತದಂತೆ.

ಆದ್ದರಿಂದ ಸೋಮವಾರ ಆ ಸೀರೆ ಉಡಬೇಡ. ಪಾಠದ ನಡುವೆ ಕೆಮ್ಮು. ಡಸ್ಟರ್ ಎಲ್ಲಿಟ್ಟೆನೆಂದು ಹುಡುಕು. ಒಂದು ಲೆಕ್ಕ ತಪ್ಪು ಮಾಡಿ, ಹುಡುಗರಿಂದ ತಿದ್ದಿಸಿಕೊಂಡು, ಮತ್ತೆ ತಪ್ಪು ಮಾಡು. ಮೊದಲ ನೆರಳು ಚೆನ್ನಾಗಿ ಬಾರದಿದ್ದರೆ ಎರಡನೆಯದಕ್ಕೆ ಯಾರೂ ಕೈ ಹಾಕಲಿಕ್ಕಿಲ್ಲ.

ಇಷ್ಟೆಲ್ಲ ನಿನ್ನ ಮೇಲಿನ ಪ್ರೀತಿಯಿಂದ ಬರೆದದ್ದೆಂದು ತಿಳಿಯಬೇಡ. ನೆರಳ ಪಾಠ ಇಲ್ಲಿ ಎಲ್ಲರಿಗೂ ಪುಕ್ಕಟೆ. ಜೀವ ಇರುವವರ ಎದುರು ಕೂರಲು ಮಾತ್ರ ಶುಲ್ಕ. ನನ್ನ ತಂಗಿಯ ಮಗಳು ಸುಗಲಾಳಿಗೆ ಸೇತುವೆಯ ಹುಚ್ಚು. ಮುಂದಿನ ಅವಧಿಗೆ ಚಂಪವ್ವ ಅಕ್ಕೋರ ತರಗತಿಯಲ್ಲಿ ಸೀಟು ಹಿಡಿಯಲೆಂದು ತಂಗಿ ಹೊಲ ಮಾರಿ ರೊಕ್ಕ ನನ್ನ ಕೈಗೆ ಕೊಟ್ಟಿದ್ದಳು, ದ್ವಿಗುಣ ಮಾಡಿ ಕಟ್ಟೋಣವೆಂದು ನಾನು ಅದನ್ನು ಚಹಾದಂಗಡಿಗೆ ಒಯ್ದೆ. ಗೆದ್ದಿದ್ದರೆ ಅಕ್ಕೋರೇ ಇರುತ್ತಿರಲಿಲ್ಲವೆಂಬುದು ಈ ವಿದ್ವಾಂಸನಿಗೆ ಹೊಳೆಯಲಿಲ್ಲ. ಈಗ ಸುಗಲಾ ಪುಕ್ಕಟೆ ಬೆಂಚಿನಲ್ಲಿ ಕೂತು, ಮಾವನ ದನಿ ಬಂದಾಗ ಒಬ್ಬಳೇ ನಗದೆ ಇರುತ್ತಾಳೆ. ಮನೆಯಲ್ಲಿ ಮುನ್ನೂರು ಸೋತೆ ಅಂದಿದ್ದೇನೆ, ಉಳಿದದ್ದು ವಿಶ್ವಪೀಠದ ಕಚೇರಿಯಲ್ಲಿ ಸಿಕ್ಕಿಕೊಂಡಿದೆ ಎಂದೂ ಹೇಳಿದ್ದೇನೆ. ನೀನು ಸತ್ತು ಎಷ್ಟೋ ತಲೆಮಾರಾಯಿತು, ನಿನ್ನ ಮುಂದೆ ಸುಳ್ಳೇಕೆ. ಸೋತದ್ದು ಎಂಬತ್ತನಾಲ್ಕು ಸಾವಿರ.

ಇಂತಿ ನಿನ್ನ
ಫಕೀರಪ್ಪ ಮಾವ