ಎರಡು ದಾರಿ, ಒಂದೇ ಪೋರ್ಟ್

ಮಾರ್ಚ್ ೧೪, ಗುರುವಾರ, ಮಧ್ಯಾಹ್ನ ಮೂರೂವರೆ. ಎರಡನೇ ಮಹಡಿ, ಸರ್ವರ್ ಕೋಣೆಯ ಹೊರಗಿನ ಮೇಜು. ನಾಳೆ ಬೆಳಿಗ್ಗೆ ಹತ್ತಕ್ಕೆ ನಿನ್ನ ನಕ್ಷೆಯ ಪರೀಕ್ಷೆ.

ತಂಗೀ,

ನೀನು ನನ್ನ ಮೈದುನನನ್ನು ಮದುವೆಯಾಗಿ ಬಂದಾಗಿನಿಂದ, ಐದು ವರ್ಷ, ಹೀಗೇ ಕರೆಯುತ್ತಿದ್ದೇನೆ. ಒಡಹುಟ್ಟಿದವಳಾಗಿದ್ದರೆ ಜಗಳವಾಡಿ ಮುಗಿಸಿಬಿಡಬಹುದಿತ್ತು. ಓರಗಿತ್ತಿಯರಿಗೆ ಆ ಅನುಕೂಲವಿಲ್ಲ, ನಗುನಗುತ್ತಾ ಇರಬೇಕು.

ಈ ಕಟ್ಟಡದಲ್ಲಿ ಕೆಲಸ ಖಾಲಿಯಿದೆ ಎಂದು ನಿನಗೆ ಹೇಳಿದವಳು ನಾನೇ. ಒಂದು ಸರ್ವರಿಗೆ ಎರಡು ಕೇಬಲ್ ಏಕೆ ಬೇಕು ಎಂದು ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಚಮಚ ಇಟ್ಟು ತೋರಿಸಿದವಳೂ ನಾನೇ. ಒಂದು ಕಿತ್ತುಹೋದರೆ ಇನ್ನೊಂದು ನಡೆಸಬೇಕು, ಅಷ್ಟೆ. ಎರಡೇ ವರ್ಷದಲ್ಲಿ ನೀನು ಮೇಲಿನ ಮಹಡಿಗೆ ಹೋಗಿ ನೆಟ್‌ವರ್ಕಿನ ನಕ್ಷೆ ಬರೆಯುವವಳಾದೆ. ನಾನು ಹನ್ನೊಂದು ವರ್ಷದಿಂದ ಕೇಬಲ್ ಎಳೆದು ಚೀಟಿ ಅಂಟಿಸುತ್ತಿದ್ದೇನೆ. ಅತ್ತೆ ಬಂದವರ ಮುಂದೆಲ್ಲ ಹೇಳುತ್ತಾರೆ: "ದೊಡ್ಡವಳು ತಂತಿ ಎಳೀತಾಳೆ, ಚಿಕ್ಕವಳು ತಲೆ ಓಡಿಸ್ತಾಳೆ." ನೀನು "ಅಯ್ಯೋ ಅತ್ತೆ, ಅಕ್ಕ ತಂತಿ ಎಳೀದೇ ಇದ್ರೆ ನನ್ ತಲೆ ಎಲ್ಲಿ ಓಡತ್ತೆ?" ಎಂದು ನಗಿಸುತ್ತೀಯ. ಅದೂ ಅವರಿಗೆ ನಿನ್ನ ಜಾಣತನವಾಗಿಯೇ ಕೇಳಿಸುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ಬೇರೆ ಸಭ್ಯ ಪದ ಹುಡುಕಿದೆ, ಸಿಗಲಿಲ್ಲ.

ಹೋದ ವಾರ ನೀನು ಹೊಸ ನಕ್ಷೆ ತಂದೆ. ಆಸ್ಪತ್ರೆಯೊಂದರ ದಾಖಲೆಗಳನ್ನು ಕಾಯುವ ಫೈರ್‌ವಾಲ್; ಈಗ ಅದು ಬೇರೆ ಪೆಟ್ಟಿಗೆಯಲ್ಲ, ಸರ್ವರಿನೊಳಗೇ ತಂತ್ರಾಂಶವಾಗಿ ಓಡುವ ವರ್ಚುವಲ್ ಯಂತ್ರ. ಅದರಿಂದ ಹೊರಡುವ ದಾರಿ ಎರಡು, ನೀಲಿ ಮತ್ತು ಹಸಿರು. ಹೊರೆಯನ್ನು ಎರಡೂ ಹಂಚಿಕೊಳ್ಳುತ್ತವೆ ಎಂದು ನೀನು ಹೇಳಿದೆ. "ಅಕ್ಕ, ಒಂದ್ಸಲ ನೋಡಿಬಿಡಿ. ನಿಮ್ ಕಣ್ಣು ತಪ್ಪಿಸೋಕೆ ಯಾವ್ದಕ್ಕೂ ಆಗಲ್ಲ." ನಾನು "ನಾವು ತಂತಿಯವರಮ್ಮ, ನಮಗೇನು ಗೊತ್ತಾಗತ್ತೆ" ಎಂದು ತೆರೆಯದೆಯೇ ನಿನ್ನ ಕಡೆ ತಳ್ಳಿದೆ. ನಿನ್ನ ಮುಖ ಚಿಕ್ಕದಾಯಿತು. ನನಗೆ ಸಂತೋಷವಾಯಿತು.

ಇವತ್ತು ಬೆಳಿಗ್ಗೆ ಆ ಸರ್ವರಿನ ಚೀಟಿ ಬದಲಿಸಲು ಹೋದೆ. ಪ್ರಯೋಗಕ್ಕೆಂದು ಅದನ್ನು ಆಗಲೇ ಓಡಿಸಿದ್ದರು. ಒಂದನೇ ಕೇಬಲ್ಲಿನ ದೀಪ ಬಿಡುವಿಲ್ಲದೆ ಮಿಟುಕುತ್ತಿತ್ತು. ಎರಡನೆಯದು ಉರಿಯುತ್ತಿತ್ತು, ಮಿಟುಕುತ್ತಿರಲಿಲ್ಲ; ಅದರಲ್ಲಿ ಏನೂ ಹರಿಯುತ್ತಿರಲಿಲ್ಲ. ಕೆಲಸದ ಕಡತದಲ್ಲಿದ್ದ ನಿನ್ನ ನಕ್ಷೆಯನ್ನು ಆಗ ತೆರೆದೆ. ಎರಡನೇ ಪುಟದ ಪಟ್ಟಿಯಲ್ಲಿ ನೀಲಿಯ ಸಾಲನ್ನು ನಕಲು ಮಾಡಿ ಹಸಿರು ಎಂದು ಬದಲಿಸಿದ್ದೀಯ. ಕೇಬಲ್ ಸಿಕ್ಕಿಸುವ ಪೋರ್ಟಿನ ಸಂಖ್ಯೆ ಬದಲಿಸಿಲ್ಲ. ಯಂತ್ರದೊಳಗೆ ಎರಡು ದಾರಿ, ಹೊರಗೆ ಒಂದೇ ಕೇಬಲ್. ನಾಳೆಯ ಪರೀಕ್ಷೆಯಲ್ಲಿ, ಇನ್ನೊಂದು ನಡೆಸುತ್ತದೆಯೇ ಎಂದು ನೋಡಲು ಆಸ್ಪತ್ರೆಯವರ ಮುಂದೆ ಕೀಳುವುದು ಅದನ್ನೇ. ಕೀಳುವ ಕೈ ನನ್ನದು.

ಊಟದ ಹೊತ್ತಿನವರೆಗೆ ಅದನ್ನು ಮನಸ್ಸಿನಲ್ಲೇ ಹತ್ತು ಸಲ ಕಿತ್ತೆ. ಕೆಲಸ ನಿಲ್ಲುತ್ತದೆ, ಮ್ಯಾನೇಜರು ನಿನ್ನ ಕಡೆ ತಿರುಗುತ್ತಾರೆ. ಆಮೇಲೆ ನಿನ್ನ ಈ ತಪ್ಪನ್ನು ವಿವರಿಸಿ 'ಎಲ್ಲರ ಗಮನಕ್ಕೆ' ಎಂದು ಒಂದು ಮೇಲ್ ಬರೆದೆ. ಅದರಲ್ಲಿ ಒಂದು ಸುಳ್ಳೂ ಇಲ್ಲ, ಅದೇ ಅದರ ಕೊಳಕು. ಕಳಿಸದಂತೆ ತಡೆದದ್ದು ಪ್ರೀತಿ ಎಂದುಕೊಳ್ಳಬೇಡ. ಹೋದ ವಾರ ಆ ಪುಟ ತಿರುವಿದ್ದರೆ ಒಂದು ನಿಮಿಷದಲ್ಲಿ ಕಾಣುತ್ತಿತ್ತು. ನೀನು ತಪ್ಪಿದರೆ ಹಿಡಿಯಲಿ ಎಂದೇ ನನ್ನ ಬಳಿ ಬಂದಿದ್ದೆ. ನಾನು ಸುಮ್ಮನೆ ಉರಿಯುತ್ತಾ ಕೂತೆ.

ಮೇಲ್ ಅಳಿಸುತ್ತೇನೆ. ಐದಕ್ಕೆ ನೀನು ಕೆಳಗೆ ಬಂದಾಗ ಬಸ್ಸಿಗೆ ಹೋಗಲು ಬಿಡದೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಸಂಖ್ಯೆಯನ್ನು ನೀನೇ ತಿದ್ದು. ಆಮೇಲೆ ಎರಡೂ ಕೇಬಲ್ಲನ್ನು ಒಂದೊಂದಾಗಿ ಕಿತ್ತು ನೋಡೋಣ. ಹೋದ ವಾರ ಬೇಕೆಂದೇ ನೋಡಲಿಲ್ಲ ಎಂಬುದನ್ನೂ ಹೇಳುತ್ತೇನೆ. ಬಾಯಿ ಬಾರದಿದ್ದರೆ ಈ ಕಾಗದ ಕೊಡುತ್ತೇನೆ. ಈಗ ನಾಲ್ಕು ಗಂಟೆ ಹತ್ತು ನಿಮಿಷ. ಮೇಲ್ ಇನ್ನೂ ತೆರೆದೇ ಇದೆ.

ನಾಳೆ ನಿನ್ನ ಪರೀಕ್ಷೆ ಚೆನ್ನಾಗಿ ನಡೆಯಲಿ. ಅದನ್ನು ನೋಡಿ ನನಗೂ ಸಂತೋಷವಾಗಬೇಕೆಂದು ಮಾತ್ರ ಇವತ್ತೇ ಕೇಳಬೇಡ.

ನಿನ್ನ
ಅಕ್ಕ