ಕಾಚಂಪುಳಿ ಪೀಪಾಯಿಯ ವಿಸ್ಕಿ

ಸಮಸ್ತ ಪೀಪಾಯಿಗಳ ಪಾಲಕರೂ ರೈ ವಿಸ್ಕಿ ಸಾಮ್ರಾಜ್ಯದ ಚಕ್ರವರ್ತಿಗಳೂ ಆದ ಬಿಟ್ಟಂಗಾಲದ ಡಿಸ್ಟಿಲರಿ ಮಾಲೀಕ ಉತ್ತಯ್ಯನವರ ಸನ್ನಿಧಾನಕ್ಕೆ, ಬಾಟಲಿ ತೊಳೆಯುವ ನಿತೇಶನ ಸಾಷ್ಟಾಂಗ ನಮಸ್ಕಾರಗಳು.

ನಿನ್ನೆ ಹೊಸ ರೈ ವಿಸ್ಕಿಯನ್ನು ಎಲ್ಲರ ಮುಂದಿಟ್ಟು, "ಇದನ್ನ ಕೊನೆಗೆ ಏನು ತುಂಬಿದ್ದ ಪೀಪಾಯೀಲಿ ಇಟ್ಟಿದ್ದೆ ಅಂತ ಹೇಳಿದವನೇ ನನ್ನ ಟೇಸ್ಟರ್" ಎಂದಿರಿ. ಮೈಸೂರಿನ ಪರಿಣತರು ಶೆರಿ ವೈನ್ ಎಂದರು, ಮ್ಯಾನೇಜರ್ ಜೇನು ಎಂದರು. ನಾನೊಬ್ಬನೇ ಗುಟುಕರಿಸಿ, ಕಣ್ಣು ಮುಚ್ಚಿ, "ಹಂದಿಕರಿಗೆ ಹಾಕೋ ಹುಳಿ, ಕಾಚಂಪುಳಿ! ಅದೂ ಮುತ್ತಕ್ಕನ ಮನೇದು!" ಎಂದೆ. "ಎಂಥ ಮೂಗು ಮಾರಾಯ ನಿಂದು!" ಎಂದು ನೀವು ಎಲ್ಲರೆದುರೇ ನನ್ನನ್ನು ಅಪ್ಪಿಕೊಂಡಿರಿ.

ಟೇಸ್ಟರ್ ಹುದ್ದೆಯನ್ನು ವಿನಯದಿಂದ ಸ್ವೀಕರಿಸಿದ್ದೇನೆ. ಆದರೆ ಒಂದು ವಾರ ತಡವಾಗಿ ಸೇರಲು ಅಪ್ಪಣೆಯಾಗಬೇಕು. ಮೂರು ದಿನದಿಂದ ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿದೆ. ನಿಮಗೆ ಕಾಚಂಪುಳಿಯ ಹಳೇ ಪೀಪಾಯಿ ಮಾರಿದ್ದನ್ನು ಮುತ್ತಕ್ಕನೇ ವಿರಾಜಪೇಟೆ ಬಸ್ಸಿನಲ್ಲಿ ಹೇಳಿದ್ದರು.

ಇಂತಿ ತಮ್ಮ ಟೇಸ್ಟರ್,
ನಿತೇಶ್